ಸಭಾಂಗಣದ ಎರಡು ಪೆಟ್ಟಿಗೆಗಳು: ಹಳೆಯ ಧ್ವನಿವರ್ಧಕಗಳ ದೋಷವೂ ದುರಸ್ತಿಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಮಿತಿಯವರು ನನ್ನನ್ನು ಕೇಳಿದರು. ಅದೇ ಸಭೆಯಲ್ಲಿ, ಸಭಾಂಗಣದ ಹಳೆಯ ಸ್ಟೀರಿಯೋ ಪೆಟ್ಟಿಗೆಗಳೆರಡನ್ನೂ ಗುಜರಿಗೆ ಹಾಕಬೇಕೆಂಬ ಮಾತೂ ಬಂದಿತು. ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ನಾನು ಆ ಪೆಟ್ಟಿಗೆಗಳ ವಿಷಯವನ್ನೇ ಬರೆಯುತ್ತೇನೆ. ನಾನು ಇಂಜಿನಿಯರನಲ್ಲ, ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಮೇಷ್ಟರಾದವನು. ಮಡಕಶಿರಾದಲ್ಲಿ ರೇಡಿಯೋ ರಿಪೇರಿ ಅಂಗಡಿಯಿಟ್ಟಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ರಜಾದಿನಗಳಂದು ಕುಳಿತು ಕಲಿತದ್ದಷ್ಟೇ ನನ್ನ ಬಂಡವಾಳ.

ಆ ಪೆಟ್ಟಿಗೆಗಳನ್ನು 1990ರ ದಶಕದಲ್ಲಿ ಹಳೆಯ ವಿದ್ಯಾರ್ಥಿಗಳೇ ಚಂದಾ ಎತ್ತಿ ಕೊಡಿಸಿದ್ದರು. ಹೇಮಾವತಿಯ ಸುತ್ತಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಭಾಷೆ ತೆಲುಗು. ಕನ್ನಡ ಕಲಿಸುವ ಉಪಾಧ್ಯಾಯರು ಸಾಲದಿದ್ದಾಗ ಎರಡು ಮೂರು ತರಗತಿಗಳ ಮಕ್ಕಳನ್ನು ಸಭಾಂಗಣದಲ್ಲಿ ಒಟ್ಟಿಗೆ ಕೂರಿಸಿ, ಕ್ಯಾಸೆಟ್ಟಿನಲ್ಲಿ ಮುದ್ರಿಸಿದ ಪಾಠವನ್ನು ಕೇಳಿಸಿ ಉಕ್ತಲೇಖನ ಬರೆಸುತ್ತಿದ್ದೆವು. ಕೆಲವು ವರ್ಷಗಳ ತರುವಾಯ, ಮಕ್ಕಳ ಬರವಣಿಗೆಯಲ್ಲಿ ‘ಶಾಂತಿ’ಯು ‘ಸಾಂತಿ’ಯಾಗತೊಡಗಿತು, ‘ಶಿಲೆ’ಯು ‘ಸಿಲೆ’ಯಾಯಿತು. ನಮ್ಮ ಆಡುಮಾತಿನಲ್ಲಿ ಶಕಾರವು ಸಕಾರವಾಗುವುದುಂಟು. ಆದ್ದರಿಂದ ಅದು ನಾಲಿಗೆಯ ದೋಷವೆಂದೇ ನಾನು ತೀರ್ಮಾನಿಸಿದೆ. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ತಪ್ಪಿದ ಪದಗಳನ್ನು ಹತ್ತು ಹತ್ತು ಸಲ ಬರೆಯಲು ಹೇಳಿದಾಗ ಆಕೆ ಅಳುತ್ತಾ, “ಸಾ, ಪೆಟ್ಟಿಗೇಲಿ ಹಂಗೇ ಕೇಳ್ಸುತ್ತೆ” ಎಂದಳು. ಅಂದು ಸಂಜೆ ಮಕ್ಕಳು ಹೋದ ಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ಆಕೆ ಹೇಳಿದ್ದು ನಿಜವಾಗಿತ್ತು. ಆ ಹುಡುಗಿ ಇದನ್ನು ಓದಿದರೆ, ತಪ್ಪು ತನ್ನದಾಗಿರಲಿಲ್ಲವೆಂದು ತಿಳಿಯಲಿ.

ಇದರ ಕಾರಣವನ್ನು ತಿಳಿಯಲು ಧ್ವನಿವರ್ಧಕದ ರಚನೆಯನ್ನು ಸ್ವಲ್ಪ ಅರಿಯಬೇಕು. ಅಯಸ್ಕಾಂತದ ಸಂದಿನಲ್ಲಿ ತೆಳುವಾದ ತಂತಿಯ ಸುರುಳಿಯೊಂದಿದೆ. ಅದರಲ್ಲಿ ವಿದ್ಯುತ್ತು ಹರಿದಾಗ ಸುರುಳಿಯು ಹಿಂದೆ ಮುಂದೆ ಚಲಿಸಿ, ತನಗೆ ಅಂಟಿದ ಕಾಗದದ ಶಂಕುವನ್ನು ಅಲುಗಿಸುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ವಿವರಿಸಿದ ಧ್ವನಿವರ್ಧಕದ ತತ್ತ್ವವೇ ಇಂದಿಗೂ ನಡೆದುಬಂದಿದೆ. ಹೈ-ಫೈ ಪೆಟ್ಟಿಗೆಯಲ್ಲಿ ಮಂದ್ರ ಸ್ವರಗಳಿಗೆ ವೂಫರ್ ಎಂಬ ದೊಡ್ಡ ಶಂಕು, ತಾರ ಸ್ವರಗಳಿಗೆ ಟ್ವೀಟರ್ ಎಂಬ ಚಿಕ್ಕದು ಇರುತ್ತವೆ. ಕನ್ನಡದ ಸ್ವರಾಕ್ಷರಗಳ ಗುರುತು ಬಹುತೇಕ 3,000 ಹರ್ಟ್ಸ್‌ನೊಳಗೇ ಇದೆ. ಸ, ಶ ಮೊದಲಾದ ಊಷ್ಮಾಕ್ಷರಗಳ ಸೀಟಿಯಂತಹ ಸದ್ದು ಸುಮಾರು 2,500ರಿಂದ 8,000 ಹರ್ಟ್ಸ್‌ವರೆಗೆ ಹರಡಿದೆ. ಟ್ವೀಟರ್ ಮೂಕವಾದರೆ ಧ್ವನಿ ನಿಂತುಹೋಗುವುದಿಲ್ಲ, ದಪ್ಪ ಕಂಬಳಿಯೊಳಗಿಂದ ಬಂದಂತಾಗುತ್ತದೆ. ಹಾಡು ಕೇಳುವವರಿಗೆ ಅದು ಗೊತ್ತಾಗುವುದೂ ಕಷ್ಟ. ಅಕ್ಷರ ಕಲಿಯುವ ಮಗುವಿಗೆ ಮಾತ್ರ ಅದು ದೊಡ್ಡ ನಷ್ಟ.

ದೋಷವು ಎಲ್ಲಿದೆಯೆಂದು ಹುಡುಕುವ ಮೊದಲ ಉಪಾಯಕ್ಕೆ ಕಾಸಿನ ಖರ್ಚಿಲ್ಲ. ಆಂಪ್ಲಿಫೈಯರನ್ನು ಆರಿಸಿ, ಅದರ ಹಿಂದಿನ ಎಡ ಬಲ ತಂತಿಗಳನ್ನು ಅದಲುಬದಲು ಮಾಡಿರಿ. ಕೆಟ್ಟ ಧ್ವನಿಯು ಮತ್ತೊಂದು ಪೆಟ್ಟಿಗೆಗೆ ಹೋದರೆ ದೋಷವು ಆಂಪ್ಲಿಫೈಯರಿನಲ್ಲೋ ಅದಕ್ಕಿಂತ ಹಿಂದೆಯೋ ಇದೆ; ಮೊದಲಿನ ಪೆಟ್ಟಿಗೆಯಲ್ಲೇ ಉಳಿದರೆ ಆ ಪೆಟ್ಟಿಗೆಯಲ್ಲಿ ಅಥವಾ ಅದರ ತಂತಿಯಲ್ಲಿದೆ. ಇಷ್ಟನ್ನು ಮಾಡದೆ ಪೆಟ್ಟಿಗೆಯನ್ನು ಹೊತ್ತುಕೊಂಡು ಅಂಗಡಿಗೆ ಓಡುವವರೇ ಹೆಚ್ಚು. ತುಕ್ಕು ಹಿಡಿದ ತಂತಿಯ ತುದಿಯನ್ನು ಕೆರೆದು ಬಿಗಿದರೆ, ಕರಕರ ಎನ್ನುವ ವಾಲ್ಯೂಮ್ ಗುಂಡಿಯನ್ನು ಆರಿಸಿದ ಸ್ಥಿತಿಯಲ್ಲೇ ಹತ್ತಾರು ಸಲ ತಿರುಗಿಸಿದರೆ, ಅರ್ಧದಷ್ಟು ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ಆದರೆ ಆಂಪ್ಲಿಫೈಯರಿನ ಒಳಗೆ ಮಾತ್ರ ಕೈಹಾಕಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ನಮ್ಮ ಎರಡು ಪೆಟ್ಟಿಗೆಗಳಿಗೂ ಲಕ್ಷಣ ಒಂದೇ ಇತ್ತು, ಕಾಯಿಲೆ ಬೇರೆ ಬೇರೆ. ಎಡಗಡೆಯ ಟ್ವೀಟರಿನ ತಂತಿ ಬಿಡಿಸಿ ಮಲ್ಟಿಮೀಟರ್ ಇಟ್ಟಾಗ ಮುಳ್ಳು ಅಲುಗಲಿಲ್ಲ. 8 ಓಮ್ ಎಂದು ಬರೆದಿರುವ ಸುರುಳಿಯು ಸಾಮಾನ್ಯವಾಗಿ 6 ಓಮ್ ಆಸುಪಾಸು ತೋರಬೇಕು. ಏನೂ ತೋರದಿದ್ದರೆ ತಂತಿ ಸುಟ್ಟು ಕಡಿದಿದೆಯೆಂದರ್ಥ. ಅದನ್ನು ಸುಟ್ಟವರು ನಾವೇ. ಶಾಲಾ ವಾರ್ಷಿಕೋತ್ಸವದಂದು ಚಿಕ್ಕ ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದೆವು. ಶಕ್ತಿ ಮೀರಿದಾಗ ಆಂಪ್ಲಿಫೈಯರು ಅಲೆಗಳ ತಲೆಯನ್ನು ಕತ್ತರಿಸಿ ಕಳಿಸುತ್ತದೆ, ಆಗ ಹುಟ್ಟುವ ಕರ್ಕಶವಾದ ತಾರಧ್ವನಿಯೆಲ್ಲ ಬಡಪಾಯಿ ಟ್ವೀಟರಿನ ಪಾಲಾಗುತ್ತದೆ. ಶಿವರಾತ್ರಿಯಲ್ಲಿ ಸಿದ್ಧೇಶ್ವರಸ್ವಾಮಿಯ ಗುಡಿಯ ಕಡೆ ಕಟ್ಟುವ ಕೊಂಬಿನ ಸ್ಪೀಕರಿನ ಕೆಲಸವನ್ನು ಕೋಣೆಯ ಸ್ಪೀಕರಿನಿಂದ ಮಾಡಿಸಹೊರಟರೆ ಮತ್ತೇನಾದೀತು?

ಬಲಗಡೆಯ ಟ್ವೀಟರು ಚೆನ್ನಾಗಿಯೇ ಇತ್ತು. ಅದಕ್ಕೆ ದಾರಿ ಬಿಡುವ ಕೆಪ್ಯಾಸಿಟರು ಒಣಗಿತ್ತು. ಮಂದ್ರ ಸ್ವರಗಳನ್ನು ತಡೆದು ತಾರ ಸ್ವರಗಳನ್ನಷ್ಟೇ ಬಿಡುವ ದ್ವಾರಪಾಲಕನಂತೆ ಅದು. 4.7 ಮೈಕ್ರೋಫ್ಯಾರಡ್‌ನದಾದರೆ, 8 ಓಮಿನ ಟ್ವೀಟರಿಗೆ ಸುಮಾರು 4,200 ಹರ್ಟ್ಸ್‌ಗಿಂತ ಕೆಳಗಿನದನ್ನು ಕುಗ್ಗಿಸುತ್ತದೆ. ವಯಸ್ಸಾದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರುಗಳ ಒಳಗಿನ ದ್ರವ ಒಣಗಿ ಎಲ್ಲವನ್ನೂ ತಡೆಯತೊಡಗುತ್ತವೆ. ಬದಲಿಸುವಾಗ ಅದೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, ಧನ ಋಣ ಭೇದವಿಲ್ಲದ ಜಾತಿಯದನ್ನೇ ಕೇಳಿ ಪಡೆಯಬೇಕು. ನನಗೆ ಅದು ಶಿರಾದಲ್ಲಿ ಸಿಗದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದಾಯಿತು. ಬಸ್ಸಿನ ಖರ್ಚೇ ಹೆಚ್ಚು.

ಜೋಡಣೆಯ ನಂತರ ಇನ್ನೊಂದು ತಪ್ಪು ಮಾಡಿದೆ. ಒಂದು ವೂಫರಿನ ತಂತಿಗಳು ತಿರುಗುಮುರುಗಾಗಿದ್ದವು. ಒಂದು ಶಂಕು ಮುಂದೆ ಬಂದಾಗ ಮತ್ತೊಂದು ಹಿಂದೆ ಹೋಗಿ ಮೃದಂಗದ ತೂಕವೇ ಮಾಯವಾಯಿತು. 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ವೂಫರಿಗೆ ಕ್ಷಣಮಾತ್ರ ಮುಟ್ಟಿಸಿ ನೋಡಿರಿ: ಎರಡೂ ಶಂಕುಗಳು ಒಂದೇ ದಿಕ್ಕಿಗೆ ಜಿಗಿಯಬೇಕು. ಟ್ವೀಟರಿಗೆ ಈ ಪರೀಕ್ಷೆ ಬೇಡ.

ಈಗಿನ ಕಾಯಿಲೆ ಬೇರೆಯದು. ಗುಜರಿಯ ಮಾತು ಬಂದದ್ದು ಪೆಟ್ಟಿಗೆಗಳು ಬರಬರ ಎನ್ನುತ್ತಿವೆಯೆಂದು. ಮುಂದಿನ ಬಟ್ಟೆಯ ಪರದೆ ತೆಗೆದು ನೋಡಿದೆ. ಶಂಕುವಿನ ಅಂಚಿಗೆ ಸುತ್ತಲೂ ಇರುವ ಸ್ಪಂಜಿನ ಉಂಗುರವು ಮುಟ್ಟಿದರೆ ಅಂಟಂಟಾಗಿ ಪುಡಿಯಾಗುತ್ತಿತ್ತು. ಬಳಸಿದರೂ ಬಳಸದಿದ್ದರೂ ಆ ಬಗೆಯ ಸ್ಪಂಜು ಗಾಳಿಯ ತೇವಕ್ಕೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಕರಗುವುದು ಸಹಜ. ರಬ್ಬರಿನ ಅಂಚು ಹೆಚ್ಚು ಬಾಳುತ್ತದೆ. ಶಂಕುವನ್ನು ಎರಡೂ ಕೈಬೆರಳುಗಳಿಂದ ಸಮನಾಗಿ ಮೆಲ್ಲನೆ ಒತ್ತಿದೆ, ಕೆರೆದ ಸದ್ದಿಲ್ಲ. ಅಂದರೆ ಸುರುಳಿ ಕ್ಷೇಮ, ಉಂಗುರ ಮಾತ್ರ ಬದಲಾಗಬೇಕು. ಹಳೆಯ ಅಂಟನ್ನು ಪೂರ್ತಿ ಕೆರೆದು, ಒಣಗಿದ ಮೇಲೂ ಬಾಗುವ ಅಂಟಿನಿಂದ ಹೊಸ ಉಂಗುರ ಕೂರಿಸಬೇಕು. ಅಂಟು ಹಿಡಿಯುವವರೆಗೆ ಶಂಕುವನ್ನು ಆಗಾಗ ಒತ್ತಿ ನೋಡುತ್ತಾ, ಸುರುಳಿಯು ನಟ್ಟನಡುವೆಯೇ ನಿಂತಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಇಲ್ಲಿ ಆತುರಪಟ್ಟರೆ ಇದ್ದ ಸುರುಳಿಯೂ ಉಜ್ಜಿ ಹಾಳಾಗುತ್ತದೆ.

ಬಲಗಡೆಯ ಪೆಟ್ಟಿಗೆ ಸಿದ್ಧವಾಗಿ ಸಭಾಂಗಣಕ್ಕೆ ಮರಳಿದೆ. ಎಡಗಡೆಯದು ನಮ್ಮ ಮನೆಯ ಪಡಸಾಲೆಯಲ್ಲಿ ಅಂಗಾತ ಮಲಗಿದೆ, ನಾಳೆ ಬೆಳಿಗ್ಗೆಯವರೆಗೆ ಅದರ ಅಂಟು ಒಣಗಬೇಕು.