ಬೀಜಕ್ಕೆ ಬಿಟ್ಟ ಗುಳ್ಳ

ಪಡುಬಿದ್ರಿಯ ಒಂದು ಮನೆಯ ಬಾವಿಕಟ್ಟೆಯ ಬದಿಯಲ್ಲಿ ಏಳೆಂಟು ಗುಳ್ಳ ಬದನೆಯ ಗಿಡಗಳಿದ್ದವು. ಬಿಳಿ ಗೀರಿನ ಹಸಿರು ಕಾಯಿಗಳ ನಡುವೆ ನೂಲು ಕಟ್ಟಿದ ಒಂದು ಮಾತ್ರ ಹಳದಿಗೆ ತಿರುಗಿತ್ತು. "ಅದು ಹುಳಿಗೆ ಅಲ್ಲ ಮಾರಾಯ್ರೆ, ಬೀಜಕ್ಕೆ ಬಿಟ್ಟದ್ದು" ಎಂದರು ಮನೆಯ ಅಜ್ಜಿ.

ಹಲವರು ಬೀಜಕ್ಕೆ ಬಿಡುವುದು ಕೊನೆಗೆ ಉಳಿದ ಸೊರಗಿದ ಕಾಯಿಯನ್ನು. ಅಜ್ಜಿ ಕಟ್ಟಿದ್ದು ಮೊದಲ ಕೊಯ್ಲಿನ ಕಾಯಿಗೆ, ಅದೂ ರೋಗ ಮುಟ್ಟದ ಗಿಡದಲ್ಲಿ. ಗಿಡ ಆರಿಸುವಾಗ ಅವರು ಮೊದಲು ತಡವುವುದು ತೊಟ್ಟಿನ ಮುಳ್ಳನ್ನು. ಮುಳ್ಳು ಕಡಿಮೆಯಾದರೆ ಕಾಯಿ ಎಷ್ಟೇ ಚೆಂದವಿರಲಿ, ಅದು ಅಡುಗೆಗೆ. ಅವರಿಗೆ ಮುಳ್ಳೇ ಅಸಲಿ ಗುಳ್ಳದ ಗುರುತು. ಈ ಮುಳ್ಳಿನ ಲೆಕ್ಕ ನನಗೆ ಬಹಳ ಹಿಡಿಸಿತು. ಬದನೆಯ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ದುಂಬಿ ಪಕ್ಕದ ನೇರಳೆ ಬದನೆಯ ಪರಾಗ ತಂದರೆ ಆ ಬೆರಕೆ ಈ ವರ್ಷದ ಕಾಯಿಯಲ್ಲಿ ಕಾಣದು, ಮುಂದಿನ ವರ್ಷದ ಗಿಡದಲ್ಲಿ ಕಾಣುತ್ತದೆ. ಮುಳ್ಳು ನೋಡುವವರಿಗೆ ಆ ಗಿಡ ಸಿಕ್ಕಿಬೀಳಬಹುದು.

ಇಲ್ಲಿಂದ ಉತ್ತರಕ್ಕೆ, ಕಟಪಾಡಿ ಬಳಿಯ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಇದು ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜವೆಂಬ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಆಮೇಲೆ ತಲೆಮಾರುಗಳ ಕಾಲ ಹೆಸರಿಲ್ಲದವರು ಪ್ರತಿ ವರ್ಷವೂ ಒಂದು ಒಳ್ಳೆಯ ಕಾಯಿಯನ್ನು ತಿನ್ನದೆ ಬಿಟ್ಟದ್ದು. ಗುಳ್ಳದ ಮೇಲೆ ಪ್ರಯೋಗಾಲಯದ ಕಣ್ಣೂ ಬಿದ್ದಿತ್ತು: ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಟಿ (ಕುಲಾಂತರಿ) ಮಾಡಲು ಆರಿಸಿದ ಬದನೆಗಳಲ್ಲಿ ಉಡುಪಿ ಗುಳ್ಳವೂ ಇತ್ತು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ತಡೆ ಬಿದ್ದದ್ದು ಒಳ್ಳೆಯದೇ ಆಯಿತು. ಆದರೆ ಸರಕಾರದ ಆದೇಶ ತಳಿಯನ್ನು ಉಳಿಸದು, ಬಿತ್ತುವ ಕೈ ಉಳಿಸುತ್ತದೆ.

ಹಣ್ಣಾದ ಗುಳ್ಳವನ್ನು ಕೊಯ್ದು ಕೆಲವು ದಿನ ಇಟ್ಟು, ಮೆತ್ತಗಾದ ಮೇಲೆ ನೀರಿನಲ್ಲಿ ಕಿವುಚಬೇಕು. ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಅದನ್ನು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸುವುದು. ಕರಾವಳಿಯಲ್ಲಿ ಬೀಜದ ನಿಜವಾದ ಶತ್ರು ಮಳೆಗಾಲದ ತೇವ. ಆದ್ದರಿಂದ ಅಜ್ಜಿಯ ಬೀಜ ಬಿಗಿಮುಚ್ಚಳದ ಬಾಟಲಿಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿ. ಅಂಗಡಿಯ ಹೈಬ್ರಿಡ್ ಬದನೆಯ ಬೀಜಕ್ಕೆ ಇಷ್ಟು ಶ್ರಮ ಬೇಡ, ಏಕೆಂದರೆ ಮರುವರ್ಷ ಅದು ತಾಯಿಯಂತೆ ಹುಟ್ಟುವುದಿಲ್ಲ.

ಬಿತ್ತುವ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಏಳಾದರೂ ಮೊಳೆಯದಿದ್ದರೆ ಆ ಬೀಜವನ್ನು ನೆಚ್ಚಬೇಡಿ. ಗುಳ್ಳ ಬೆಳೆಯುವ ನೆರೆಮನೆಯವರಲ್ಲಿ ಕೇಳಿ ತನ್ನಿ.