ಎದ್ದ ಮೀನು, ಬರೀ ದಾರ

ಇಂಗ್ಲೆಂಡಿನ ವಿಂಚೆಸ್ಟರಿನಲ್ಲಿ ಜೂನ್ ಸಂಜೆ. ಸೀಮೆಸುಣ್ಣದ ಗುಡ್ಡಗಳ ಒಡಲಲ್ಲಿ ಸೋಸಿ ಬಂದ ಇಚೆನ್ ನದಿ ಎಷ್ಟು ತಿಳಿಯೆಂದರೆ, ತಳದ ಕಲ್ಲು, ಬಿಳಿ ಹೂ ಬಿಟ್ಟು ತೂಗುವ ನೀರಗಿಡ, ಅದರ ಸಂದಿನಲ್ಲಿ ಸೆಳವಿಗೆ ಮೂತಿ ಕೊಟ್ಟು ನಿಂತ ಕಂದು ಟ್ರೌಟ್, ಎಲ್ಲವೂ ಸೇತುವೆಯ ಮೇಲಿಂದಲೇ ಕಾಣುತ್ತವೆ. ಬಾಲವನ್ನು ಇಷ್ಟಿಷ್ಟೇ ಆಡಿಸುತ್ತ ಮೀನು ನಿಂತಲ್ಲೇ ನಿಂತಿದೆ. ಊಟ ತಾನಾಗಿ ತೇಲಿ ಬರುತ್ತದೆ.

ಮೀನಿನ ಹಿಂದೆ, ದಡದಲ್ಲಿ ಮಂಡಿಯೂರಿದ ಗಾಳಗಾರ ರಾಡ್ ಬೀಸುತ್ತಾನೆ. ಕೊಕ್ಕೆಗೆ ಗರಿ, ರೇಷ್ಮೆದಾರ ಸುತ್ತಿ ಮಾಡಿದ ಹುಸಿನೊಣ ಮೀನಿನ ಮುಂದೆ ಇಳಿಯುತ್ತದೆ. ಟ್ರೌಟ್ ಮೇಲೇಳುತ್ತದೆ. ನೊಣದ ಅಡಿಯಲ್ಲೇ ಹಿಂದಕ್ಕೆ ಸರಿಯುತ್ತ ದಿಟ್ಟಿಸುತ್ತದೆ. ಮೂತಿ ನೀರು ಸೀಳುತ್ತದೆ, ಉಂಗುರ ಹರಡುತ್ತದೆ. ರಾಡ್ ಎತ್ತಿದರೆ ಬರೀ ದಾರ.

ಮೀನು ಭಾರಿ ಜಾಣ ಅನ್ನುವುದು ರೂಢಿ. ನನಗದು ಒಪ್ಪಿಗೆಯಿಲ್ಲ. ಟ್ರೌಟ್ ನಾಯಿಯಂತೆ ಕಚ್ಚುವುದಿಲ್ಲ. ಬಾಯಿ, ಕಿವಿರು ಅಗಲಿಸಿ ನೀರನ್ನೇ ಒಳಗೆಳೆಯುತ್ತದೆ. ನೀರಿನ ಜೊತೆ ಹುಳು ಹೋಗುತ್ತದೆ. ದಾರ ಬಿಗಿದಿದ್ದರೆ, ದಪ್ಪಗಿದ್ದರೆ, ಹುಸಿನೊಣ ತುಟಿಯಂಚಿನಲ್ಲೇ ತಡೆಯುತ್ತದೆ. ಮೀನೇನೋ ಮೋಸ ಹೋಗಿತ್ತು, ದಾರ ಬಿಡಲಿಲ್ಲ! ನಡುಹೊಳೆಯ ಸೆಳವು ದಡದ ಸೆಳವಿಗಿಂತ ಬಿರುಸು; ಅಡ್ಡ ಬಿದ್ದ ದಾರವನ್ನು ಅದು ಎಳೆದಾಗ ನೊಣ ನೀರ ಮೇಲೆ ಸಣ್ಣ ಗೀರು ಬಿಡುತ್ತ ಜಾರುತ್ತದೆ. ನೀರಿನ ಜೊತೆ ಸುಮ್ಮನೆ ತೇಲುವ ನೊಣಕ್ಕೆ ಅಂಥ ಗೀರಿಲ್ಲ. ಆ ಗೀರು ಕಂಡ ಮೀನು ಕೊನೆಗಳಿಗೆಯಲ್ಲಿ ತಿರುಗಿಬಿಡುತ್ತದೆ.

ಇನ್ನೊಂದು ಸಂಜೆಯ ಕಥೆಯೇ ಬೇರೆ. ಬೆನ್ನು ನೀರ ಮೇಲೆ ಉಬ್ಬುತ್ತದೆ, ಮೂತಿ ಕಾಣುವುದಿಲ್ಲ. ಆಗ ಅದು ತಿನ್ನುತ್ತಿರುವುದು ರೆಕ್ಕೆ ಬಿಚ್ಚಲೆಂದು ಮೇಲೇರುತ್ತಿರುವ ಮರಿಹುಳುಗಳನ್ನು, ನೀರಿನ ಪೊರೆಯ ಕೆಳಗೇ. ಆದರೂ ತೇಲುವ ನೊಣವೊಂದೇ ಮರ್ಯಾದಸ್ಥರ ಗಾಳ ಎಂಬ ಮಡಿಯನ್ನು 1886ರ ತನ್ನ ಪುಸ್ತಕದಿಂದಾಚೆಗೆ ಬೆಳೆಸಿದವನು ಗಾಳದ ಬರಹಗಾರ ಹಾಲ್ಫರ್ಡ್. ಇದೇ ಇಚೆನ್ ದಡದಲ್ಲಿ ಗಾಳ ಹಾಕುತ್ತಿದ್ದ ಲಂಡನ್ ವಕೀಲ ಸ್ಕ್ಯೂಸ್ 1910ರಲ್ಲಿ ಅದನ್ನು ಪ್ರಶ್ನಿಸಿ, ಮುಳುಗಿದ ಹುಳುವಿನ ಪರ ವಾದ ಹೂಡಿದ. ಶಿಷ್ಯರ ಜಗಳ ದಶಕಗಟ್ಟಲೆ ನಡೆಯಿತು. ನನ್ನ ಮತ ವಕೀಲನಿಗೆ.

ಮೀನು ತಪ್ಪಲು ಗಾಳಗಾರನ ಅವಸರವೂ ಕಾರಣ. ದೊಡ್ಡ ಟ್ರೌಟ್ ನಿಧಾನವಾಗಿ ಬಾಯಿ ಮುಚ್ಚಿ ತಲೆ ತಗ್ಗಿಸುವ ಮೊದಲೇ ಎಳೆದರೆ ಕೊಕ್ಕೆ ಖಾಲಿ. ನ್ಯೂಜಿಲೆಂಡಿನಲ್ಲಿ ‘ಗಾಡ್ ಸೇವ್ ದ ಕ್ವೀನ್’ ಅಂದುಕೊಂಡ ಮೇಲೇ ರಾಡ್ ಎತ್ತು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಸೇತುವೆಯ ಕೆಳಗಿನ ಗಾಳಗಾರ ಡಬ್ಬಿ ತೆರೆದು ಇನ್ನೊಂದು ಬಣ್ಣದ ನೊಣ ಹುಡುಕುತ್ತಿದ್ದಾನೆ. ನಾಲ್ಕು ಹೆಜ್ಜೆ ಸರಿದು, ದಾರವನ್ನು ಸಡಿಲವಾಗಿ ಬೀಳಿಸಿದ್ದರೆ ಹಳೆಯ ನೊಣವೇ ಸಾಕಿತ್ತು.