ಕರಗುವ ಹಲ್ಲು ಮತ್ತು ಅದರ ಚಿಕಿತ್ಸೆ

ತವರ್ಗದ ಅಕ್ಷರಗಳನ್ನು ವೈಯಾಕರಣರು ದಂತ್ಯಗಳೆಂದು ಕರೆದರು. ಹಲ್ಲು ಅಗಿಯುವ ಸಾಧನ ಮಾತ್ರವಲ್ಲ, ವಾಕ್ಕಿನ ಸ್ಥಾನವೂ ಹೌದೆಂಬುದಕ್ಕೆ ಈ ಹೆಸರೇ ಸಾಕ್ಷಿ. ಹುಳುಕು ಹಲ್ಲನ್ನು ಕೆಡಿಸುವುದು ಎಲ್ಲರೂ ಬಲ್ಲ ಸಂಗತಿ. ಆದರೆ ದೇಹದ ಸ್ವಂತ ಜೀವಕೋಶಗಳೇ ಹಲ್ಲನ್ನು ಕರಗಿಸುವ ವ್ಯಾಧಿಯೊಂದುಂಟು. ಅದನ್ನು ಬಲ್ಲವರು ವಿರಳ.

ಹಾಲುಹಲ್ಲಿನಲ್ಲಿ ಈ ಕ್ರಿಯೆ ಪ್ರಕೃತಿಸಹಜವಾದುದು. ಸುಮಾರು 6ರಿಂದ 12ನೆಯ ವಯಸ್ಸಿನೊಳಗೆ ಅದರ ಬೇರು ಕರಗಿ, ಹೊಸ ಹಲ್ಲಿಗೆ ಎಡೆಮಾಡಿಕೊಟ್ಟು ಉದುರುವುದು. ಶಾಶ್ವತ ಹಲ್ಲಿನ ಬೇರನ್ನಾದರೋ ತೆಳುವಾದ ಪೊರೆಗಳು ಕಾಪಾಡುತ್ತವೆ. ಪೆಟ್ಟಿನಿಂದಲೋ, ತಿರುಳಿನ ಸೋಂಕಿನಿಂದಲೋ, ಹಲ್ಲನ್ನು ನೇರಗೊಳಿಸುವ ತಂತಿಯ ಅತಿಯಾದ ಒತ್ತಡದಿಂದಲೋ ಆ ರಕ್ಷೆಗೆ ಭಂಗ ಬಂದರೆ ಕರಗುವಿಕೆ ಮೊದಲಾಗಬಹುದು. ಅನೇಕ ವೇಳೆ ನೋವೇ ಇಲ್ಲದುದರಿಂದ ಕ್ಷ-ಕಿರಣ ಚಿತ್ರದಲ್ಲಿಯೇ ಅದು ಮೊದಲು ಗೋಚರಿಸುವುದು.

ಚಿಕಿತ್ಸೆಯು ವ್ಯಾಧಿಯ ಸ್ಥಾನವನ್ನು ಅನುಸರಿಸುತ್ತದೆ. ಒಳಗಿನ ತಿರುಳಿನಿಂದ ಕರಗುತ್ತಿದ್ದರೆ ಬೇರುನಾಳದ ಚಿಕಿತ್ಸೆ ವಿಹಿತ. ತಿರುಳನ್ನು ತೆಗೆದೊಡನೆ ಕರಗಿಸುವ ಕೋಶಗಳಿಗೆ ರಕ್ತದ ಪೋಷಣೆ ತಪ್ಪಿ ವ್ಯಾಧಿ ನಿಲ್ಲುತ್ತದೆ. ಬಳಿಕ ಆ ಪೊಳ್ಳನ್ನು ಮೆದುಗೊಳಿಸಿದ ಗಟ್ಟಾ ಪರ್ಚಾದಿಂದ ತುಂಬುವರು.

ಒಸಡಿನ ಅಂಚಿನಲ್ಲಿ ಹೊರಗಿನಿಂದ ಕೊರೆದಿದ್ದರೆ ಶಸ್ತ್ರಕ್ರಿಯೆ ಬೇಕಾಗಬಹುದು. ಒಸಡನ್ನು ಬಿಡಿಸಿ, ರೋಗಗ್ರಸ್ತ ಭಾಗವನ್ನು ಕೆರೆದು ತೆಗೆದು, ಕುಳಿಯನ್ನು ಗ್ಲಾಸ್ ಅಯನೋಮರ್ ಮೊದಲಾದ ದ್ರವ್ಯದಿಂದ ತುಂಬಿ, ಒಸಡನ್ನು ಮರಳಿ ಹೊಲಿಯುವರು. ಆಸ್ಟ್ರೇಲಿಯದ ದಂತವೈದ್ಯ ಹೀದರ್ಸೆ ಈ ವ್ಯಾಧಿಯನ್ನು 4 ವರ್ಗಗಳಾಗಿ ವಿಂಗಡಿಸಿ, ಟ್ರೈಕ್ಲೋರೋ ಅಸಿಟಿಕ್ ಆಮ್ಲವನ್ನು ಲೇಪಿಸಿ ಕೆರೆದು ತುಂಬುವ ವಿಧಾನದ ಫಲವನ್ನು 1999ರಲ್ಲಿ ಪ್ರಕಟಿಸಿದರು. ಮೊದಲ ಎರಡು ವರ್ಗಗಳ ಹಲ್ಲುಗಳೆಲ್ಲ ಗುಣವಾದುವು. ನಾಲ್ಕನೆಯ ವರ್ಗದಲ್ಲಿ ಗುಣವಾದುವು ಶೇಕಡ 12.5 ಮಾತ್ರ. ಬೇಗ ಕಂಡುಹಿಡಿಯುವುದೇ ಅರ್ಧ ಚಿಕಿತ್ಸೆಯೆಂಬುದು ಇದರಿಂದ ಸ್ಪಷ್ಟ.

ಹಲ್ಲಿನ ಬೇರು ಕರಗಿ ಆ ಜಾಗವನ್ನು ಮೂಳೆಯೇ ಆಕ್ರಮಿಸುವ ಇನ್ನೊಂದು ಬಗೆಯುಂಟು. ಅದನ್ನು ಹಿಂದಿರುಗಿಸುವ ಉಪಾಯ ವೈದ್ಯರಲ್ಲಿಲ್ಲ, ಮುನ್ನೆಚ್ಚರಿಕೆಯೊಂದೇ ದಾರಿ. ಆಟದ ಬಯಲಿನಲ್ಲಿ ಬಿದ್ದು ಮಗುವಿನ ಶಾಶ್ವತ ಹಲ್ಲು ಕಿತ್ತುಬಂದಾಗ ಬೇರನ್ನು ಮುಟ್ಟದೆ, ಉಜ್ಜದೆ, ತುದಿಯನ್ನು ಹಿಡಿದು, ಮಣ್ಣು ಹತ್ತಿದ್ದರೆ ಕ್ಷಣಕಾಲ ತೊಳೆದು, ಅದರ ಕುಳಿಯಲ್ಲಿಯೇ ಮತ್ತೆ ನೆಲೆಗೊಳಿಸಬೇಕು. ಅದು ಸಾಧ್ಯವಾಗದಿದ್ದರೆ ತಣ್ಣನೆಯ ಹಾಲಿನಲ್ಲಿರಿಸಿ, ಕೂಡಲೇ ದಂತವೈದ್ಯರಲ್ಲಿಗೆ ಧಾವಿಸಬೇಕು. ಹಾಲುಹಲ್ಲನ್ನು ಮಾತ್ರ ಮರಳಿ ಇಡಬಾರದು. ಒಣಗಿದ ಪ್ರತಿ ನಿಮಿಷವೂ ಬೇರಿನ ಪೊರೆಯನ್ನು ಕೊಲ್ಲುತ್ತದೆ. ಹಲ್ಲು ಉಳಿಯುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಶಸ್ತ್ರವೈದ್ಯರ ಕೈಚಳಕಕ್ಕಿಂತ ಮೊದಲು ಮಗುವಿನ ಬಳಿಗೆ ಓಡಿಬಂದ ಉಪಾಧ್ಯಾಯರ ಈ ತಿಳಿವಳಿಕೆ.